ಗಂಟು, ಸ್ಕ್ಯಾನು, ನೋವು: ಕೇಳಿ ತಿಳಿಯೋಣ, ಬಾಯಿಬಿಟ್ಟು ಹೇಳೋಣ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಆರೋಗ್ಯ ಸ್ವಯಂಸೇವಕಿಯರ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಇವತ್ತು ನಮಗೆ ಕೊಟ್ಟಿರುವ ವಿಷಯ ಸ್ತನ ಕ್ಯಾನ್ಸರ್. ಈ ಹೆಸರು ಕೇಳಿದ ಕೂಡಲೇ ಕೆಲವರು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸುತ್ತೀರಿ. ತಲೆ ತಗ್ಗಿಸುವಂಥದ್ದು ಇದರಲ್ಲಿ ಏನೂ ಇಲ್ಲ. ನಮ್ಮ ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,92,000 ಮಹಿಳೆಯರಿಗೆ ಈ ಕಾಯಿಲೆ ಹೊಸದಾಗಿ ಬಂದಿತೆಂದೂ ಸುಮಾರು 98,000 ಮಂದಿ ಇದರಿಂದ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಇಷ್ಟು ಮಂದಿ ಸಾಯಲು ಔಷಧಿ ಇಲ್ಲದಿರುವುದೊಂದೇ ಕಾರಣವಲ್ಲ. ತಡವಾಗಿ ಬರುವುದು, ಅರ್ಧಕ್ಕೆ ಚಿಕಿತ್ಸೆ ಬಿಡುವುದು, ಕೇಳಬೇಕಾದ್ದನ್ನು ಕೇಳದೆ ಇರುವುದು, ಇವೂ ಕಾರಣಗಳೇ.

ನಮ್ಮ ಕೇಂದ್ರದ ಕಾರ್ಯಕರ್ತೆಯರು ರೋಗಿಗಳ ಜೊತೆ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಹೋಗುವಾಗ ಬಸ್ಸಿನಲ್ಲಿ, ಬರುವಾಗ ಜಗಲಿಯಲ್ಲಿ ಮಹಿಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. “ಸಿಸ್ಟರ್, ಇಷ್ಟೆಲ್ಲಾ ಸ್ಕ್ಯಾನ್ ಯಾಕೆ?” “ಸಂಶೋಧನೆಗೆ ಸಹಿ ಹಾಕಿ ಅಂತ ಫಾರಂ ಕೊಟ್ಟಿದ್ದಾರೆ, ಹಾಕಬಹುದಾ?” “ಆಪರೇಷನ್ ಆದ ಮೇಲೆ ನೋವು ತಡ್ಕೊಳ್ಳೋಕೆ ಆಗುತ್ತಾ?” ಮೂರೂ ಒಳ್ಳೆಯ ಪ್ರಶ್ನೆಗಳು. ಆದರೆ ಇವನ್ನು ನಮ್ಮ ಹತ್ತಿರ ಕೇಳುತ್ತಾರೆ, ಡಾಕ್ಟರ ಹತ್ತಿರ ಕೇಳುವುದಿಲ್ಲ. ಇವತ್ತು ಈ ಮೂರನ್ನೂ ಒಂದೊಂದಾಗಿ ನೋಡೋಣ. ಕೊನೆಗೆ ನೀವೇ ಹೇಳುತ್ತೀರಿ, ಕೇಳುವುದು ಮತ್ತು ಹೇಳುವುದು ಕೂಡ ಚಿಕಿತ್ಸೆಯ ಒಂದು ಭಾಗ ಅಂತ.

ಇಷ್ಟೆಲ್ಲಾ ಸ್ಕ್ಯಾನ್ ಯಾಕೆ?

ಮೊದಲು ಒಂದು ಮಾತು. ಸ್ತನದಲ್ಲಿ ಕಾಣುವ ಎಲ್ಲಾ ಗಂಟುಗಳೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಪಾಯವಿಲ್ಲದ ಗಂಟುಗಳೇ. ಆದರೆ ಮುಟ್ಟಿ ನೋಡಿ “ಇದು ಅದಲ್ಲ” ಅಂತ ಮನೆಯಲ್ಲೇ ತೀರ್ಮಾನ ಮಾಡಲು ಬರುವುದಿಲ್ಲ. ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲ ಅಂತ ಸುಮ್ಮನಿರುವುದೇ ಮೋಸ. ಹೊಸ ಗಂಟು, ಒಳಗೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿಬಿದ್ದ ಚರ್ಮ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಡಾಕ್ಟರಿಗೆ ತೋರಿಸಬೇಕು.

ಅಲ್ಲಿ ಮಾಡುವ ಪರೀಕ್ಷೆಗಳಲ್ಲಿ ಮ್ಯಾಮೊಗ್ರಾಂ ಅಂದರೆ ಸ್ತನದ ಎಕ್ಸ್‌ರೇ. ಎರಡು ಫಲಕಗಳ ನಡುವೆ ಸ್ತನವನ್ನು ಒತ್ತಿ ಹಿಡಿದು ತೆಗೆಯುತ್ತಾರೆ. ಸ್ವಲ್ಪ ಹೊತ್ತು ಹಿಂಸೆಯಾಗುತ್ತದೆ, ಆದರೆ ಕೆಲವು ಸೆಕೆಂಡು ಮಾತ್ರ. ಆ ದಿನ ಕಂಕುಳಿಗೆ ಪೌಡರು, ಸೆಂಟು ಹಾಕಿಕೊಂಡು ಹೋಗಬೇಡಿ. ಅದು ಚಿತ್ರದಲ್ಲಿ ಚುಕ್ಕಿಯಾಗಿ ಕಂಡು ಗೊಂದಲವಾಗಬಹುದು. ಅಲ್ಟ್ರಾಸೌಂಡ್ ಅಂದರೆ ಗರ್ಭಿಣಿಯರಿಗೆ ಮಾಡುವ ಅದೇ ಸ್ಕ್ಯಾನು. ಶಬ್ದದ ಅಲೆಗಳಿಂದ ಚಿತ್ರ ತೆಗೆಯುವುದರಿಂದ ಇದರಲ್ಲಿ ವಿಕಿರಣ ಇಲ್ಲ. ಚಿಕ್ಕ ವಯಸ್ಸಿನವರ ಸ್ತನ ಗಟ್ಟಿಯಾಗಿರುವುದರಿಂದ ಎಕ್ಸ್‌ರೇಯಲ್ಲಿ ಗಂಟು ಮರೆಯಾಗಬಹುದು, ಅಂಥವರಿಗೆ ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ. ಗಂಟಿನೊಳಗೆ ಬರೇ ನೀರು ತುಂಬಿದೆಯೋ ಅಥವಾ ಅದು ಗಟ್ಟಿ ಗಡ್ಡೆಯೋ ಎಂಬುದನ್ನೂ ಅದು ತೋರಿಸುತ್ತದೆ.

ಆದರೆ ಚಿತ್ರ ಸಂಶಯವನ್ನು ಮಾತ್ರ ಹೇಳುತ್ತದೆ. ಖಚಿತವಾಗಿ ಹೇಳುವುದು ಬಯಾಪ್ಸಿ. ಸೂಜಿಯಿಂದ ಗಂಟಿನ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. “ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತದೆ” ಅಂತ ಊರಲ್ಲಿ ಹೇಳುತ್ತಾರಲ್ಲ, ಅದು ತಪ್ಪು ನಂಬಿಕೆ. ಈ ಮಾತು ನಂಬಿ ಬಯಾಪ್ಸಿ ಬೇಡವೆಂದು ಎದ್ದು ಬಂದವರು ಆರು ತಿಂಗಳ ನಂತರ ಹುಣ್ಣಾದ ಸ್ತನದೊಂದಿಗೆ ಬರುವುದನ್ನು ನಾವು ಕಂಡಿದ್ದೇವೆ.

ಕ್ಯಾನ್ಸರ್ ಅಂತ ಖಚಿತವಾದ ಮೇಲೆ ಕೆಲವರಿಗೆ ಸಿ.ಟಿ. ಸ್ಕ್ಯಾನ್, ಬೋನ್ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಬರೆಯುತ್ತಾರೆ. ಕಾಯಿಲೆ ಶ್ವಾಸಕೋಶ, ಪಿತ್ತಜನಕಾಂಗ, ಎಲುಬುಗಳಿಗೆ ಹೋಗಿದೆಯೇ ಎಂದು ನೋಡುವುದಕ್ಕಾಗಿ. ಇವು ಎಲ್ಲರಿಗೂ ಬೇಕಿಲ್ಲ. ಗಂಟು ಚಿಕ್ಕದಿದ್ದು, ಕಂಕುಳಲ್ಲಿ ಗಡ್ಡೆ ಇಲ್ಲದೆ, ಬೇರೆ ತೊಂದರೆಯೂ ಇಲ್ಲದವರಿಗೆ ಸಾಮಾನ್ಯವಾಗಿ ಅಗತ್ಯ ಬೀಳುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆ ಕೇಳಿ: “ಡಾಕ್ಟರೇ, ಈ ಸ್ಕ್ಯಾನಿನಲ್ಲಿ ಏನು ಸಿಕ್ಕಿದರೆ ನನ್ನ ಚಿಕಿತ್ಸೆ ಬದಲಾಗುತ್ತದೆ?” ಇದು ಉದ್ಧಟತನದ ಪ್ರಶ್ನೆಯಲ್ಲ. ಒಳ್ಳೆಯ ಡಾಕ್ಟರು ಸಂತೋಷದಿಂದ ಉತ್ತರ ಕೊಡುತ್ತಾರೆ.

ನೀವೂ ಕೆಲವನ್ನು ಅವರಿಗೆ ಹೇಳಬೇಕು. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಯಾವುದಾದರೂ ಇಂಜೆಕ್ಷನ್‌ನಿಂದ ಮೈ ತುರಿಸಿದ್ದರೆ ಸ್ಕ್ಯಾನಿಗೆ ಮೊದಲೇ ಹೇಳಬೇಕು. ಎಂ.ಆರ್.ಐ. ಆದರೆ ತಾಳಿ, ಕಾಲುಂಗುರ, ಕಿವಿಯೋಲೆ ಎಲ್ಲ ತೆಗೆದಿಡಬೇಕು. ಮತ್ತೆ, ಹಳೆಯ ಫಿಲ್ಮು, ವರದಿ, ಸಿ.ಡಿ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿ. ಅದು ಕಳೆದುಹೋದರೆ ಮತ್ತೆ ಅದೇ ಸ್ಕ್ಯಾನು, ಮತ್ತೆ ಅದೇ ಖರ್ಚು.

ಸಂಶೋಧನೆ ಅಂದರೆ ನಮ್ಮ ಮೇಲೆ ಪ್ರಯೋಗವೇ?

ಈ ಪ್ರಶ್ನೆಗೆ ಉತ್ತರವಾಗಿ ಮೊದಲು ಇಟಲಿ ದೇಶದ ಒಂದು ಸಂಗತಿ ಹೇಳುತ್ತೇವೆ. ಹಿಂದೆಲ್ಲಾ ಸ್ತನ ಕ್ಯಾನ್ಸರ್ ಅಂದರೆ ಇಡೀ ಸ್ತನ, ಅದರ ಕೆಳಗಿನ ಎದೆಯ ಮಾಂಸಖಂಡ, ಕಂಕುಳಿನ ಗ್ರಂಥಿ, ಎಲ್ಲವನ್ನೂ ತೆಗೆಯುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಕ್ಷೇಮ ಅಂತ ಸುಮಾರು ಎಂಬತ್ತು ವರ್ಷ ಡಾಕ್ಟರುಗಳೂ ನಂಬಿದ್ದರು. ಇಟಲಿಯ ಮಿಲಾನ್ ನಗರದಲ್ಲಿ ಡಾ. ಉಂಬರ್ಟೊ ವೆರೊನೇಸಿ ಅವರು 1973ರಿಂದ 1980ರವರೆಗೆ ಚಿಕ್ಕ ಗಂಟಿನ 701 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪು ಅನ್ನುವುದನ್ನು ಡಾಕ್ಟರೂ ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ. ನಮ್ಮ ಸಂಘದಲ್ಲಿ ಚೀಟಿ ಎತ್ತುತ್ತೇವಲ್ಲ, ಹಾಗೆ. ಒಂದು ಗುಂಪಿಗೆ ಹಳೆಯ ದೊಡ್ಡ ಆಪರೇಷನ್. ಇನ್ನೊಂದು ಗುಂಪಿಗೆ ಗಂಟು ಇರುವ ಭಾಗವನ್ನು ಮಾತ್ರ ತೆಗೆದು, ಉಳಿದ ಸ್ತನಕ್ಕೆ ರೇಡಿಯೇಷನ್, ನಾವು “ಕರೆಂಟ್ ಕೊಡುವುದು” ಅನ್ನುತ್ತೇವಲ್ಲ, ಅದು.

ಇಪ್ಪತ್ತು ವರ್ಷ ಇವರನ್ನು ಗಮನಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಸ್ತನ ಉಳಿಸಿಕೊಂಡವರಲ್ಲಿ 30 ಮಂದಿಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿತು, ದೊಡ್ಡ ಆಪರೇಷನ್ ಆದವರಲ್ಲಿ 8 ಮಂದಿಗೆ ಅದೇ ಜಾಗದಲ್ಲಿ ಮರಳಿತು. ಆದರೆ ಬದುಕಿ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ! ಅಮೆರಿಕದಲ್ಲಿ ಡಾ. ಬರ್ನಾರ್ಡ್ ಫಿಶರ್ 1976ರಲ್ಲಿ ಆರಂಭಿಸಿದ ಪರೀಕ್ಷೆಯೂ ಇದನ್ನೇ ಹೇಳಿತು. ಇಂದು ನಮ್ಮ ಒಬ್ಬ ಸಹೋದರಿ “ಸ್ತನ ಉಳಿಸಿಕೊಂಡೇ ಚಿಕಿತ್ಸೆ ಪಡೆಯಬಹುದೇ?” ಅಂತ ಕೇಳಲು ಸಾಧ್ಯವಾಗಿದ್ದು ಆ ಮಹಿಳೆಯರು ಪರೀಕ್ಷೆಗೆ ಒಪ್ಪಿದ್ದರಿಂದ. ಅವರ ಹೆಸರು ನಮಗೆ ಗೊತ್ತಿಲ್ಲ, ಆದರೆ ಅವರ ಋಣ ನಮ್ಮ ಮೇಲಿದೆ.

ನಮ್ಮ ದೇಶದ ಸಂಶೋಧನೆ

ಇದು ವಿದೇಶದ ಮಾತಾಯಿತು, ನಮ್ಮದೇನು ಅಂತ ಕೇಳಬಹುದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಬಡ ಬಡಾವಣೆಗಳಲ್ಲಿ 35ರಿಂದ 64 ವರ್ಷದೊಳಗಿನ 1,51,538 ಮಹಿಳೆಯರನ್ನು ಸೇರಿಸಿ ಒಂದು ಪರೀಕ್ಷೆ ಆರಂಭಿಸಿದರು. ಪ್ರತಿಯೊಬ್ಬರಿಗೂ ಮ್ಯಾಮೊಗ್ರಾಂ ಮಾಡಿಸುವಷ್ಟು ಹಣ ನಮ್ಮಂಥ ದೇಶದಲ್ಲಿ ಎಲ್ಲಿದೆ? ಅದಕ್ಕೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅರ್ಧದಷ್ಟು ಬಡಾವಣೆಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಉಳಿದ ಬಡಾವಣೆಗಳಲ್ಲಿ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಮಾತ್ರ ಕೊಟ್ಟರು. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬಂತು. ಕೈಯಿಂದ ಪರೀಕ್ಷಿಸಿದ ಕಡೆ ಕಾಯಿಲೆ ಬೇಗನೆ, ಮೊದಲ ಹಂತಗಳಲ್ಲೇ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ನೂರಕ್ಕೆ 30ರಷ್ಟು ಕಡಿಮೆಯಾಯಿತು. 50ರ ಕೆಳಗಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಆಶಾ ಕಾರ್ಯಕರ್ತೆಯರೇ, ಕೇಳಿಸಿಕೊಂಡಿರಾ? ನಿಮ್ಮಂಥವರ ಕೈಗಳು ಮಾಡಿದ ಕೆಲಸ ಇದು. ಮೂವತ್ತು ದಾಟಿದ ಮಹಿಳೆಯರಿಗೆ ಸರಕಾರದ ಆರೋಗ್ಯ ಕೇಂದ್ರದಲ್ಲಿ ಸ್ತನ, ಬಾಯಿ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಇದೆ. ನಿಮ್ಮ ಸಂಘದವರನ್ನು ಗುಂಪಾಗಿ ಕರೆದುಕೊಂಡು ಹೋಗಿ.

ಇನ್ನೊಂದು ಸಂಶೋಧನೆ ಇನ್ನೂ ಸ್ವಾರಸ್ಯದ್ದು. ಹಲ್ಲು ಕೀಳುವಾಗ ವಸಡಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ನಿಮಗೆಲ್ಲ ಗೊತ್ತಲ್ಲ? ಅದರ ಹೆಸರು ಲಿಗ್ನೊಕೈನ್. ಬಹಳ ಹಳೆಯ, ಬಹಳ ಅಗ್ಗದ ಔಷಧಿ. ಆಪರೇಷನ್ ಶುರುವಾಗುವ 7ರಿಂದ 10 ನಿಮಿಷ ಮೊದಲು ಇದನ್ನು ಗಂಟಿನ ಸುತ್ತಲೂ ಚುಚ್ಚಿದರೆ, ಕತ್ತರಿಸುವಾಗ ಕ್ಯಾನ್ಸರ್ ಕಣಗಳು ತಪ್ಪಿಸಿಕೊಂಡು ಹೋಗುವುದನ್ನು ತಡೆಯಬಹುದೇ ಅಂತ ಟಾಟಾ ಸ್ಮಾರಕ ಕೇಂದ್ರದ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಯೋಚಿಸಿದರು. 2011ರಿಂದ 2022ರವರೆಗೆ ದೇಶದ 11 ಆಸ್ಪತ್ರೆಗಳಲ್ಲಿ, ಆರಂಭದ ಹಂತದ 1,600 ಮಹಿಳೆಯರಲ್ಲಿ ಪರೀಕ್ಷೆ ನಡೆಯಿತು. ಅರ್ಧದಷ್ಟು ಮಂದಿಗೆ ಈ ಇಂಜೆಕ್ಷನ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಬಾಕಿ ಚಿಕಿತ್ಸೆ ಎಲ್ಲರಿಗೂ ಸಮಾನ. ಐದು ವರ್ಷದ ನಂತರ ಕಾಯಿಲೆ ಮರಳದೆ ಬದುಕಿದ್ದವರು ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 86.6, ಪಡೆಯದವರಲ್ಲಿ 82.6. ಕಾಯಿಲೆ ಮರಳಿದವರನ್ನೂ ಸೇರಿಸಿ ಒಟ್ಟು ಬದುಕಿದ್ದವರು 90.1 ಮತ್ತು 86.4. ಅಂದರೆ ನೂರು ಮಂದಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಜೀವ. ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಇದು ಒಂದು ಪರೀಕ್ಷೆಯ ಫಲಿತಾಂಶ ಎಂಬುದನ್ನು ಮರೆಯಬಾರದು. ಆಪರೇಷನ್, ಕೀಮೋ, ರೇಡಿಯೇಷನ್ ಬಿಟ್ಟು ಇದೊಂದೇ ಸಾಕು ಅಂತ ಯಾರೂ ಹೇಳಿಲ್ಲ. ಆದರೆ “ಈ ಇಂಜೆಕ್ಷನ್ ಬಗ್ಗೆ ನಿಮ್ಮ ಅಭಿಪ್ರಾಯ ಏನು?” ಎಂದು ಸರ್ಜನ್ ಹತ್ತಿರ ಕೇಳಲು ಅಡ್ಡಿಯಿಲ್ಲ.

ಸಂಶೋಧನೆ ಯಾವಾಗಲೂ “ಹೌದು” ಅಂತಲೇ ಹೇಳುವುದಿಲ್ಲ. 2006ರಲ್ಲಿ ಐರ್ಲೆಂಡಿನ ಡಾಕ್ಟರುಗಳು 129 ಮಂದಿಯ ಹಳೆಯ ದಾಖಲೆ ತೆಗೆದು ನೋಡಿದರು. ಬೆನ್ನುಮೂಳೆಯ ಪಕ್ಕದ ನರಗಳಿಗೆ ಮರಗಟ್ಟುವ ಔಷಧಿ ಕೊಟ್ಟು ಆಪರೇಷನ್ ಮಾಡಿದವರಲ್ಲಿ ಕ್ಯಾನ್ಸರ್ ಮರಳಿದ್ದು ಕಡಿಮೆ ಎಂದು ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಅದು ನಿಜವೇ ಅಂತ ತಿಳಿಯಲು ಹಲವು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಚೀಟಿ ಎತ್ತುವ ರೀತಿಯಲ್ಲಿ ಪರೀಕ್ಷೆ ಮಾಡಿದರು. 2019ರಲ್ಲಿ ಉತ್ತರ ಬಂತು: ಕ್ಯಾನ್ಸರ್ ಮರಳುವುದರಲ್ಲಿ ಏನೂ ವ್ಯತ್ಯಾಸವಿಲ್ಲ. ಇದು ಸೋಲು ಅಂತ ತಿಳಿಯಬೇಡಿ. ಹತ್ತಾರು ಮಂದಿಯ ಅನುಭವ ನಂಬಿ ಲಕ್ಷಾಂತರ ಮಂದಿಗೆ ಸುಳ್ಳು ಭರವಸೆ ಕೊಡುವುದು ತಪ್ಪಿತು. ಹಾಗಾದರೆ “ನಮ್ಮ ಊರಲ್ಲಿ ಒಬ್ಬರಿಗೆ ಈ ಬೇರಿನ ಕಷಾಯದಿಂದ ವಾಸಿಯಾಯಿತು” ಅನ್ನುವ ಮಾತನ್ನು ಎಷ್ಟು ಮಟ್ಟಿಗೆ ನಂಬಬಹುದು, ನೀವೇ ಯೋಚಿಸಿ.

ಸಹಿ ಹಾಕುವ ಮುಂಚೆ

ಹಾಗಂತ ಫಾರಂ ಕೊಟ್ಟ ಕೂಡಲೇ ಹೆಬ್ಬೆಟ್ಟು ಒತ್ತಿ ಅಂತ ನಾವು ಹೇಳುವುದಿಲ್ಲ. ಒಪ್ಪಿಗೆಯ ಹೆಸರಿನಲ್ಲಿ ಅನ್ಯಾಯ ಆಗಿದ್ದೂ ಇದೆ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲಿನಲ್ಲಿದ್ದ ಅನೇಕ ಆದಿವಾಸಿ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದು ಬೆಳಕಿಗೆ ಬಂತು. 2010ರಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಲಸಿಕೆ ಕೆಟ್ಟದ್ದು ಅಂತ ಇದರ ಅರ್ಥವಲ್ಲ, ಅದು ಇಂದು ಎಷ್ಟೋ ದೇಶಗಳಲ್ಲಿ ಹುಡುಗಿಯರನ್ನು ಕಾಪಾಡುತ್ತಿದೆ. ತಪ್ಪಾಗಿದ್ದು ಬಡವರ ಮಕ್ಕಳ ತಂದೆತಾಯಿಯನ್ನು ಕೇಳದೆ ಇದ್ದದ್ದರಲ್ಲಿ.

ಈಗ ಕಾನೂನು ಬಿಗಿಯಾಗಿದೆ. ದೇಶದಲ್ಲಿ ನಡೆಯುವ ಇಂಥ ಪರೀಕ್ಷೆಗಳನ್ನು ಸರಕಾರದ ನೋಂದಣಿಯಲ್ಲಿ ಬರೆಸುವುದು 2009ರಿಂದ ಕಡ್ಡಾಯ. ಹೊಸ ಔಷಧಿಗಳ ಪರೀಕ್ಷೆಗೆ 2019ರ ನಿಯಮಗಳು ಅನ್ವಯಿಸುತ್ತವೆ. ಅದರಂತೆ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ವಿವರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಓದಲು ಬಾರದಿದ್ದರೆ ಪರೀಕ್ಷೆಗೆ ಸಂಬಂಧಪಡದ ಒಬ್ಬ ಸಾಕ್ಷಿ ಜೊತೆಗಿರಬೇಕು. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಬೇಡ ಅಂತ ಹೇಳಿದರೂ, ನಡುವಿನಲ್ಲಿ ಬಿಟ್ಟು ಬಂದರೂ ನಿಮಗೆ ಸಿಗಬೇಕಾದ ಮಾಮೂಲು ಚಿಕಿತ್ಸೆ ನಿಲ್ಲಬಾರದು. “ಮನೆಗೆ ಒಯ್ದು ಓದಿಸಿ ನಾಳೆ ಹೇಳುತ್ತೇನೆ” ಅಂತ ಹೇಳುವ ಹಕ್ಕು ನಿಮಗಿದೆ. ಮನೆಯವರ ಸಲಹೆ ಕೇಳಿ, ಆದರೆ ದೇಹ ನಿಮ್ಮದು, ಒಪ್ಪಿಗೆಯೂ ನಿಮ್ಮದೇ ಆಗಿರಲಿ.

ನೋವು ತಡೆದುಕೊಳ್ಳುವುದು ಸದ್ಗುಣವೇ?

ಈಗ ಮೂರನೆಯ ಪ್ರಶ್ನೆ. ನಮ್ಮ ಮಹಿಳೆಯರು ಅತ್ಯಂತ ಮೌನವಾಗಿರುವುದು ಇಲ್ಲೇ. ಆಪರೇಷನ್ ಆದ ಮರುದಿನ ನರ್ಸ್ ಬಂದು “ನೋವಿದೆಯಾ ಅಮ್ಮಾ?” ಅಂತ ಕೇಳಿದರೆ “ಪರವಾಗಿಲ್ಲ” ಅನ್ನುತ್ತಾರೆ. ಅವರು ಹೋದ ಮೇಲೆ ಗೋಡೆ ಕಡೆ ಮುಖ ಮಾಡಿ ಅಳುತ್ತಾರೆ. ಹೆರಿಗೆ ನೋವನ್ನೇ ತಡೆದವಳಿಗೆ ಇದೇನು ಅಂತ ಅತ್ತೆ ಹೇಳಿರುತ್ತಾರೆ. ಖರ್ಚು ಹೆಚ್ಚಾದೀತು ಅಂತ ಗಂಡನಿಗೂ ಹೇಳಿರುವುದಿಲ್ಲ.

ಇದರ ಪರಿಣಾಮ ನೋಡಿ. ನೋವಿದ್ದರೆ ಉಸಿರು ಪೂರ್ತಿ ಎಳೆಯುವುದಿಲ್ಲ, ಕೆಮ್ಮುವುದಿಲ್ಲ, ಆಗ ಎದೆಯಲ್ಲಿ ಕಫ ಕಟ್ಟುತ್ತದೆ. ನಿದ್ದೆ ಬರುವುದಿಲ್ಲ. ಕೈ ಎತ್ತಿದರೆ ನೋಯುತ್ತದೆ ಅಂತ ಕೈಯನ್ನು ಎದೆಗೆ ಒತ್ತಿಕೊಂಡೇ ಇರುತ್ತಾರೆ. ಕೆಲವೇ ವಾರಗಳಲ್ಲಿ ಭುಜ ಬಿಗಿದುಕೊಳ್ಳುತ್ತದೆ. ಮುಂದೆ ರೇಡಿಯೇಷನ್‌ಗೆ ಕರೆದಾಗ ಮೇಜಿನ ಮೇಲೆ ಮಲಗಿ ಆ ಕಡೆಯ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಡಬೇಕು. ಕೈ ಮೇಲೇಳುವುದಿಲ್ಲ! “ವ್ಯಾಯಾಮ ಮಾಡಿ ಬನ್ನಿ” ಅಂತ ವಾಪಸು ಕಳಿಸುತ್ತಾರೆ, ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಬೀಡಿ ಕಟ್ಟುವ ಒಬ್ಬ ಅಕ್ಕನಿಗೆ ಹೀಗೆಯೇ ಆಗಿ, ಮೂರು ವಾರ ತಡವಾಯಿತು. ಅವರು ಮೊದಲ ದಿನದಿಂದ ನೋವು ನುಂಗಿಕೊಂಡಿದ್ದರು, ಯಾರಿಗೂ ತೊಂದರೆ ಕೊಡಬಾರದು ಅಂತ. ನೋವು ಹೇಳದೆ ಇದ್ದದ್ದು ಕೊನೆಗೆ ಕ್ಯಾನ್ಸರ್ ಚಿಕಿತ್ಸೆಗೇ ಅಡ್ಡ ಬಂತು.

ನೋವು ಹೇಳುವುದಕ್ಕೂ ಒಂದು ಕ್ರಮ ಇದೆ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ಊಹಿಸಲಾಗದಷ್ಟು ನೋವು. “ಈಗ ಏಳು ಇದೆ, ಕೈ ಎತ್ತಿದರೆ ಒಂಬತ್ತು” ಅಂದರೆ ಡಾಕ್ಟರಿಗೆ ಸ್ಪಷ್ಟ. ಯಾವ ಬಗೆಯ ನೋವು ಎಂಬುದನ್ನೂ ಹೇಳಿ. ಗಾಯದ ನೋವು ಬೇರೆ. ಉರಿ, ಶಾಕ್ ಹೊಡೆದ ಹಾಗೆ ಆಗುವುದು, ತೋಳಿನ ಒಳಭಾಗ ಜೋಮು ಹಿಡಿದಿರುವುದು ಬೇರೆ. ಎರಡನೆಯದು ಕಂಕುಳಿನ ನರಕ್ಕೆ ಸಂಬಂಧಪಟ್ಟದ್ದು. ಅದಕ್ಕೆ ಕೊಡುವ ಔಷಧಿಯೂ ಬೇರೆ.

ಇಂದು ನೋವು ಕಡಿಮೆ ಮಾಡಲು ಒಂದೇ ಔಷಧಿಯನ್ನು ನೆಚ್ಚಿಕೊಳ್ಳುವುದಿಲ್ಲ. ಪ್ಯಾರಾಸಿಟಮಾಲ್, ಬಾವು ಇಳಿಸುವ ಮಾತ್ರೆ, ಬೇಕಾದರೆ ಸ್ವಲ್ಪ ಪ್ರಬಲ ಔಷಧಿ, ಹೀಗೆ ಸೇರಿಸಿ ಕೊಡುತ್ತಾರೆ. ಅರಿವಳಿಕೆ ತಜ್ಞರು ಆಪರೇಷನ್ ಸಮಯದಲ್ಲೇ ಎದೆಯ ಅಥವಾ ಬೆನ್ನಿನ ನರಗಳ ಹತ್ತಿರ ಮರಗಟ್ಟುವ ಔಷಧಿ ಕೊಟ್ಟರೆ ಮೊದಲ ದಿನದ ನೋವು ಬಹಳ ಇಳಿಯುತ್ತದೆ. ಈ ನರದ ಇಂಜೆಕ್ಷನ್ ಕ್ಯಾನ್ಸರ್ ಮರಳುವುದನ್ನು ತಡೆಯುವುದಿಲ್ಲ ಅಂತ ಆಗಲೇ ಹೇಳಿದೆವು. ಆದರೆ ಮೊದಲ ಗಂಟೆಗಳ ನೋವು ಕಡಿಮೆ ಮಾಡುವುದೇನು ಸಣ್ಣ ಸಂಗತಿಯೇ? “ಮಾರ್ಫಿನ್ ಕೊಟ್ಟರೆ ಚಟ ಹಿಡಿಯುತ್ತದೆ” ಎಂದು ಹೆದರುವವರಿದ್ದಾರೆ. ಡಾಕ್ಟರರ ನಿಗಾದಲ್ಲಿ ಕೆಲವು ದಿನ ನೋವಿಗಾಗಿ ತೆಗೆದುಕೊಂಡರೆ ಚಟ ಹಿಡಿಯುವುದು ಅಪರೂಪ. ಆದರೆ ಒಂದು ಎಚ್ಚರಿಕೆ: ಮನೆಗೆ ಬಂದ ಮೇಲೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿ.ಪಿ. ಇದ್ದವರಿಗೆ ಕೆಲವು ಮಾತ್ರೆಗಳು ಅಪಾಯ.

ನೋವು ವಾರದಲ್ಲೇ ಮುಗಿಯುತ್ತದೆ ಅಂತಲೂ ಇಲ್ಲ. ಡೆನ್ಮಾರ್ಕ್ ದೇಶದಲ್ಲಿ ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದ 3,253 ಮಹಿಳೆಯರನ್ನು ಕೇಳಿದಾಗ ನೂರಕ್ಕೆ 47 ಮಂದಿ ಇನ್ನೂ ನೋವಿದೆ ಅಂದರು. ಇದು 2009ರಲ್ಲಿ ಪ್ರಕಟವಾದ ಅಧ್ಯಯನ. ಹಾಗಿರುವಾಗ “ಕಾಯಿಲೆ ಹೋಯಿತಲ್ಲ, ಇನ್ನೇನು ನೋವು, ಎಲ್ಲ ನಾಟಕ” ಅಂತ ಮನೆಯಲ್ಲಿ ಹೇಳುವುದು ಎಷ್ಟು ಕ್ರೂರ! ಆ ಸಹೋದರಿ ಸುಳ್ಳು ಹೇಳುತ್ತಿಲ್ಲ. ಆಕೆಯನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ವ್ಯಾಯಾಮದಿಂದಲೂ ಲಾಭವಿದೆ. ಇಂಗ್ಲೆಂಡಿನಲ್ಲಿ ಭುಜ ಬಿಗಿಯುವ ಅಪಾಯ ಹೆಚ್ಚಿದ್ದ 392 ಮಹಿಳೆಯರಲ್ಲಿ ಪರೀಕ್ಷೆ ಮಾಡಿ, 2021ರಲ್ಲಿ ಫಲಿತಾಂಶ ಹೇಳಿದರು. ಆಪರೇಷನ್ ಆಗಿ ವಾರ ಹತ್ತು ದಿನದಲ್ಲೇ ಫಿಜಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಶುರುಮಾಡಿದವರ ಕೈ ಒಂದು ವರ್ಷದ ನಂತರ ಚೆನ್ನಾಗಿ ಆಡುತ್ತಿತ್ತು, ನೋವೂ ಕಡಿಮೆ ಇತ್ತು. ಬಾಚಣಿಗೆಯಿಂದ ತಲೆ ಬಾಚುವುದು, ಗೋಡೆಯ ಮೇಲೆ ಬೆರಳಿನಿಂದ ಹತ್ತುತ್ತಾ ಹೋಗುವುದು, ಇವಕ್ಕೆ ದುಡ್ಡು ಬೇಕಿಲ್ಲ. ಯಾವತ್ತಿನಿಂದ, ಎಷ್ಟು ಅನ್ನುವುದನ್ನು ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ ಬರೆಸಿಕೊಳ್ಳಿ. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಮುಕ್ಕಾಲು ಗಂಟೆಯ ನಂತರ ವ್ಯಾಯಾಮ ಮಾಡಿದರೆ ಸುಲಭ.

ಇಲ್ಲಿರುವ ಕೆಲವು ಕ್ರೈಸ್ತ ತಾಯಂದಿರು “ಸಿಸ್ಟರ್, ನೋವು ಶಿಲುಬೆಯಲ್ವಾ, ಹೊರಬೇಕಲ್ವಾ?” ಅಂತ ಕೇಳುತ್ತಾರೆ. ಅವರಿಗೆ ಒಂದು ಮಾತು. 1957ರ ಫೆಬ್ರವರಿ 24ರಂದು ಪೋಪ್ ಹನ್ನೆರಡನೇ ಪಿಯುಸ್ ಅವರು ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ, ರೋಗಿಯು ನೋವು ಶಮನ ಮಾಡುವ ಔಷಧಿ ಪಡೆಯುವುದು ನ್ಯಾಯವೇ ಎಂದೂ, ನೋವನ್ನು ಸಹಿಸಲೇಬೇಕೆಂಬ ಕಟ್ಟುಪಾಡು ಇಲ್ಲವೆಂದೂ ತಿಳಿಸಿದ್ದಾರೆ. ಯಾವ ಧರ್ಮದವರೇ ಆಗಲಿ, ನೋವಿನ ಮಾತ್ರೆ ಕೇಳಿದ್ದಕ್ಕೆ ದೇವರು ಮುನಿಸಿಕೊಳ್ಳುವುದಿಲ್ಲ.

ನಾವು ಮಾಡಬೇಕಾದ್ದು

ಸಂಘದ ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ:

1. ಮೂವತ್ತು ದಾಟಿದ ಸದಸ್ಯೆಯರ ಪಟ್ಟಿ ಮಾಡಿ, ತಪಾಸಣೆಗೆ ಒಟ್ಟಿಗೆ ಹೋಗುವ ದಿನ ಗೊತ್ತುಮಾಡಿ.

2. ಗಂಟು ಇದೆ ಅಂತ ಯಾರಾದರೂ ಹೇಳಿದರೆ ಅದನ್ನು ಊರಿಗೆ ಹಬ್ಬಿಸಬೇಡಿ. ಒಬ್ಬರು ಜೊತೆಗೆ ಆಸ್ಪತ್ರೆಗೆ ಹೋಗಿ.

3. ಹೋಗುವಾಗ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಒಳಗೆ ಹೋದ ಮೇಲೆ ಗಾಬರಿಯಲ್ಲಿ ಎಲ್ಲ ಮರೆತುಹೋಗುತ್ತದೆ.

4. ರೇಷನ್ ಕಾರ್ಡು, ಆಧಾರ್ ಸರಿಯಾಗಿಟ್ಟುಕೊಳ್ಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಯಾವ ಸ್ಕ್ಯಾನು ಯೋಜನೆಯಲ್ಲಿ ಬರುತ್ತದೆ, ಯಾವುದಕ್ಕೆ ಕೈಯಿಂದ ಕೊಡಬೇಕು ಎಂದು ಮೊದಲೇ ವಿಚಾರಿಸಿ.

5. ಆಪರೇಷನ್ ಆಗಿ ಬಂದವರನ್ನು ನೋಡಲು ಹೋದಾಗ ಬರೇ ಹಣ್ಣು ಕೊಟ್ಟು ಬರಬೇಡಿ. “ನೋವು ಹತ್ತರಲ್ಲಿ ಎಷ್ಟು?” ಅಂತ ಕೇಳಿ. ಕೈ ಎಷ್ಟು ಮೇಲೇಳುತ್ತದೆ ಅಂತ ನೋಡಿ. ಜ್ವರ, ಕೀವು, ಕೈ ದಿಢೀರನೆ ಊದಿಕೊಳ್ಳುವುದು, ಉಸಿರಾಟಕ್ಕೆ ಕಷ್ಟ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

6. ನೀರು ಸೇದುವುದು, ಸೌದೆ ಹೊರುವುದು, ಕೊಡ ಎತ್ತುವುದು, ಈ ಕೆಲಸಗಳನ್ನು ಆ ಮನೆಯಲ್ಲಿ ಕೆಲವು ವಾರ ಬೇರೆ ಯಾರು ಮಾಡುತ್ತಾರೆ ಅಂತ ಸಂಘವೇ ಮಾತಾಡಿ ತೀರ್ಮಾನಿಸಲಿ.

ಸಹೋದರರಿಗೆ ಒಂದು ವಿನಂತಿ. ಡಾಕ್ಟರ ಮುಂದೆ ಕುಳಿತಾಗ ನಿಮ್ಮ ಮನೆಯವರ ಪರವಾಗಿ ನೀವೇ ಎಲ್ಲಾ ಉತ್ತರ ಕೊಡಬೇಡಿ. ನೋವು ಯಾರಿಗೆ ಇದೆಯೋ ಅವರೇ ಮಾತಾಡಲಿ. ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ, ಅದೇ ದೊಡ್ಡ ಸಹಾಯ.

ಚಿತ್ರ ತೆಗೆಯುವ ಯಂತ್ರ ಎಷ್ಟೇ ದೊಡ್ಡದಿರಲಿ, ಮೊದಲ ಗಂಟಿನ ಸುದ್ದಿ ನಿಮ್ಮ ಬಾಯಿಂದಲೇ ಬರಬೇಕು. ಸಂಶೋಧನೆ ಎಷ್ಟೇ ಒಳ್ಳೆಯದಿರಲಿ, “ಆಗಲಿ” ಅಥವಾ “ಬೇಡ” ಎಂಬ ಮಾತು ನಿಮ್ಮದೇ ಆಗಿರಬೇಕು. ನೋವನ್ನು ಅಳೆಯುವ ಯಂತ್ರವನ್ನಂತೂ ಇದುವರೆಗೆ ಯಾರೂ ಮಾಡಿಲ್ಲ, ನೀವು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಈಗ ಚಹಾ ಬರುವುದರೊಳಗೆ ನಿಮ್ಮ ಪ್ರಶ್ನೆಗಳನ್ನು ಕೇಳಿ. ಎಲ್ಲರ ಮುಂದೆ ಕೇಳಲು ಸಂಕೋಚವಾದರೆ ಚೀಟಿ ಬರೆದು ಕೊಡಿ, ಹೆಸರು ಬೇಕಿಲ್ಲ.